ಅವ್ವನ ಕೆಲಸ ಸೊನ್ನೆಯಲ್ಲ

ಹೋದ ಮಳೆಗಾಲದಲ್ಲಿ ನಮ್ಮ ಕೇರಿಯ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ವಿಜ್ಞಾನದ ಪುಸ್ತಕ ತಂದು ನನ್ನ ಮುಂದೆ ಬಿಸಾಕಿದಳು. "ಅಣ್ಣ, ಈ ಪುಸ್ತಕ ನಮ್ಮವ್ವ ಕೆಲ್ಸಾನೇ ಮಾಡಲ್ಲ ಅಂತದೆ. ನಂಗಿದು ಬ್ಯಾಡ" ಅಂದಳು.

ಅವಳ ಅವ್ವ ಗಾರೆ ಕೆಲಸಕ್ಕೆ ಹೋಗುವವಳು. ಬೆಳಗಿನಿಂದ ಬೈಗಿನವರೆಗೆ ಇಟ್ಟಿಗೆ ಹೊರುವವಳು. ರಾತ್ರಿ ಅವಳ ಕತ್ತಿಗೆ ಎಣ್ಣೆ ತಿಕ್ಕುವವಳು ಈ ಮಗಳೇ. ಭೌತಶಾಸ್ತ್ರದ ಪಾಠದಲ್ಲಿ ಏನಿದೆ? ತಲೆಯ ಮೇಲೆ ಹೊರೆ ಹೊತ್ತು ಸಮನೆಲದಲ್ಲಿ ನಡೆದರೆ, ಹೊರೆಯನ್ನು ಮೇಲೆ ಹಿಡಿದ ಬಲ ಮಾಡಿದ ಕೆಲಸ ಸೊನ್ನೆ. ಬಲ ಮೇಲ್ಮುಖ, ನಡಿಗೆ ಮುಂದಕ್ಕೆ, ಆದ್ದರಿಂದ ಸೊನ್ನೆ. ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡದಾಗಿ ಸೊನ್ನೆ ಬರೆದರು. ಹುಡುಗಿ ಎದ್ದು ನಿಂತು, "ಹಂಗಾರೆ ನಮ್ಮವ್ವಂಗೆ ಯಾಕೆ ಸುಸ್ತಾಯ್ತದೆ ಸಾರ್?" ಅಂತ ಕೇಳಿದಳು. ಕ್ಲಾಸು ನಕ್ಕಿತು. ಮೇಷ್ಟ್ರು "ಪರೀಕ್ಷೆಗೆ ಅದು ಬರಲ್ಲ, ಕೂತ್ಕೊ" ಅಂದರು.

ಗೆಳೆಯರೇ, ಆ ಇಡೀ ವರ್ಷ ಆ ಕ್ಲಾಸಿನಲ್ಲಿ ನಡೆದ ಭೌತಶಾಸ್ತ್ರ ಅದೊಂದೇ ಪ್ರಶ್ನೆ. ಅದನ್ನೇ ಕೂರಿಸಿದರು.

ಇದನ್ನು ನಮ್ಮ ಸಂಗಾತಿಗಳಿಗೆ ಹೇಳಿದೆ. ಒಬ್ಬರು, "ಎಸ್ಸೆಸ್ಸೆಲ್ಸಿ ಪಾಸಾಗುವಷ್ಟು ಉರು ಹೊಡೆಯಲಿ, ಆಮೇಲೆ ಆರ್ಟ್ಸ್ ಸೇರಿಸೋಣ" ಎಂದರು. ಇನ್ನೊಬ್ಬರು, "ಈ ವಿಜ್ಞಾನವೂ ಮೇಲಿನವರದೇ, ದುಡಿಯುವವರ ಬೆವರು ಅದಕ್ಕೆ ಕಾಣೋದಿಲ್ಲ" ಎಂದು ಭಾಷಣ ಬಿಗಿದರು. ಇಬ್ಬರ ಮೇಲೂ ನನಗೆ ಸಿಟ್ಟಿದೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಾನೂ ಓಡಿಬಂದವನೇ. ಹೈಸ್ಕೂಲಿನಲ್ಲಿ ಪ್ರಯೋಗದ ಸಾಮಾನಿನ ಬೀರು ಬೀಗ ಹಾಕಿಕೊಂಡೇ ಇರುತ್ತಿತ್ತು. ಸಾಹೇಬರು ತಪಾಸಣೆಗೆ ಬರುವ ಹಿಂದಿನ ದಿನ ತೆಗೆಯುತ್ತಿದ್ದರು. ಧೂಳು ಒರೆಸಲಿಕ್ಕೆ ನಾನು ಬೇಕು, ತಂತಿ ಜೋಡಿಸಲಿಕ್ಕೆ ಮುಂದಿನ ಬೆಂಚಿನವರು ಬೇಕು. "ನಿಮ್ಮಂತೋರಿಗೆ ಇದು ಹತ್ತಾಕಿಲ್ಲ ಕಣ್ಲಾ" ಅನ್ನುವ ಮಾತನ್ನು ನಾನು ನಂಬಿದೆ. ಬಿ.ಎ. ಮಾಡಿದೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ. ಕವಿತೆ ಬರೆದದ್ದಕ್ಕೆ ನನಗೆ ನಾಚಿಕೆಯಿಲ್ಲ. ಹೆದರಿ ಬಿಟ್ಟುಬಂದದ್ದಕ್ಕೆ ಇದೆ.

ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂತು ಓದಿದರು. ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಇವತ್ತು ನಮ್ಮ ಮಕ್ಕಳಿಗೆ ಬೆಂಚಿದೆ, ಬಿಸಿಯೂಟವಿದೆ. ಆದರೆ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ?

ಆ ರಾತ್ರಿಯಿಂದ ಹುಡುಗಿಯೂ ನಾನೂ ಅಂಬೇಡ್ಕರ್ ಭವನದ ಜಗಲಿಯಲ್ಲಿ ಕೂತೆವು. ಕಲಿಸಲಿಕ್ಕಲ್ಲ, ಇಬ್ಬರೂ ಕಲಿಯಲಿಕ್ಕೆ. ಕಷ್ಟ ಎಲ್ಲಿದೆ ಅಂತ ಹುಡುಕಿದೆವು. ಅದು ಅವಳ ತಲೆಯಲ್ಲಿರಲಿಲ್ಲ.

ಮೊದಲ ಕಷ್ಟ ಮಾತಿನದು. ವೇಗೋತ್ಕರ್ಷ, ಸಂವೇಗ, ಜಡತ್ವ, ವಕ್ರೀಭವನ, ವಿಭವಾಂತರ! ಕನ್ನಡ ಮಾಧ್ಯಮ ಅನ್ನುತ್ತಾರೆ, ಓದಿದರೆ ಮಂತ್ರ ಕೇಳಿದ ಹಾಗೆ. ನಾವು ಒಂದೊಂದನ್ನೂ ಬಿಡಿಸಿಕೊಂಡೆವು. ಸ್ಟಾಪಿನಿಂದ ಹೊರಟ ಬಸ್ಸಿನ ವೇಗ ಸೆಕೆಂಡು ಸೆಕೆಂಡಿಗೆ ಎಷ್ಟು ಏರುತ್ತದೆ ಅನ್ನುವುದೇ ವೇಗೋತ್ಕರ್ಷ. ಬಲ ಅಂದರೆ ರಾಶಿ ಗುಣಿಲೆ ವೇಗೋತ್ಕರ್ಷ. ತುಂಬಿದ ಗಾಡಿಯನ್ನೂ ಖಾಲಿ ಗಾಡಿಯನ್ನೂ ಒಂದೇ ರಭಸಕ್ಕೆ ತರಬೇಕಾದರೆ ತುಂಬಿದ್ದನ್ನು ಹೆಚ್ಚು ಜೋರಾಗಿ ತಳ್ಳಬೇಕು. ಇದು ಗೊತ್ತಿಲ್ಲದ ಮಗು ನಮ್ಮ ಕೇರಿಯಲ್ಲಿ ಯಾವುದಿದೆ? ಪರೀಕ್ಷೆಯಲ್ಲಿ ಪುಸ್ತಕದ ಮಾತನ್ನೇ ಬರೆಯಲಿ. ಆದರೆ ಮೊದಲು ತನ್ನ ಮಾತಿನಲ್ಲಿ ಹೇಳಿರಬೇಕು. ಹೇಳಲಾಗದಿದ್ದರೆ ಕಲಿತಿಲ್ಲ ಅಂತಲೇ ಲೆಕ್ಕ.

ಎರಡನೆಯದು ಹಳೆಯ ಸಾಲ. ಲೆಕ್ಕ ಮಾಡಲು ಕೂತಾಗ ಅವಳು ತಪ್ಪುತ್ತಿದ್ದದ್ದು ಭೌತಶಾಸ್ತ್ರದಲ್ಲಲ್ಲ. ದಶಮಾಂಶದಲ್ಲಿ, ಭಿನ್ನರಾಶಿಯಲ್ಲಿ, ಸಮ ಚಿಹ್ನೆಯ ಆ ಕಡೆಯದನ್ನು ಈ ಕಡೆಗೆ ತರುವುದರಲ್ಲಿ. ಆರನೇ ಕ್ಲಾಸಿನಲ್ಲಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ತಿಂಗಳುಗಳ ಬಾಕಿ ಅದು. ಅದನ್ನು ದಡ್ಡತನ ಅಂತ ಕರೆದಿದ್ದರು. ಹದಿನೈದು ರಾತ್ರಿ ಕೂತು ಬಾಕಿ ತೀರಿಸಿದೆವು.

ಮೂರನೆಯದು ಕೈಗೆ ಏನೂ ಸಿಗದ ಕಷ್ಟ. ಅವಳ ಅಪ್ಪನ ಐದಡಿ ಹಾರೆ ತಂದೆವು. ತುದಿಯಿಂದ ಅರ್ಧ ಅಡಿಗೆ ಕಲ್ಲು ಆನಿಸಿದರೆ ಆ ಕಡೆ ಅರ್ಧ ಅಡಿ, ಈ ಕಡೆ ನಾಲ್ಕೂವರೆ ಅಡಿ. ಒಂಬತ್ತು ಪಟ್ಟು. ಹತ್ತು ಕಿಲೋ ಭಾರದಷ್ಟು ಅದುಮಿದರೆ ತೊಂಬತ್ತು ಕಿಲೋ ಬಂಡೆ ಅಲುಗುತ್ತದೆ. ಅಪ್ಪ ನೋಡುತ್ತ ನಿಂತಿದ್ದ. "ಇದನ್ನ ಓದಬೇಕಾ? ನಾ ದಿನಾ ಮಾಡ್ತಿನಲ್ಲ" ಅಂದ. ಹೌದಪ್ಪಾ, ನೀನು ಮಾಡುತ್ತೀಯ, ಲೆಕ್ಕ ಮಾತ್ರ ಬೇರೆಯವರ ಕೈಯಲ್ಲಿದೆ.

ಶಬ್ದದ ಪಾಠಕ್ಕೆ ತಮಟೆ ತಂದೆವು. ಬೆಂಕಿಗೆ ಹಿಡಿದರೆ ಚರ್ಮದ ತೇವ ಆರಿ ಬಿಗಿಯಾಗುತ್ತದೆ, ದನಿ ಏರುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ಆವೃತ್ತಿ ಎರಡು ಪಟ್ಟು. ಸಿ.ವಿ. ರಾಮನ್ 1920ರಲ್ಲೇ ಮೃದಂಗ, ತಬಲಾಗಳ ನಾದದ ಬಗ್ಗೆ ಬರೆದರು. ಒಳ್ಳೆಯದು. ಆದರೆ ಚರ್ಮದ ಕಂಪನಕ್ಕೆ ಮಡಿ ಮೈಲಿಗೆ ಇಲ್ಲ. ಸಭೆಯ ಮೃದಂಗಕ್ಕೂ ಸಾವಿನ ಮುಂದಿನ ತಮಟೆಗೂ ಅದೇ ನಿಯಮ. ಹಾಗಾದರೆ ಕ್ಲಾಸಿಗೆ ತಮಟೆ ಬರುವುದಕ್ಕೆ ಅಡ್ಡಿ ಏನು ಮೇಷ್ಟ್ರೇ?

ಈಗ ಅವ್ವನ ಸೊನ್ನೆಗೆ ಬರೋಣ. ಭೌತಶಾಸ್ತ್ರ ಸುಳ್ಳು ಹೇಳಲಿಲ್ಲ. ಪಾಠವನ್ನು ಅರ್ಧಕ್ಕೆ ನಿಲ್ಲಿಸಿದರು. ಹೊರೆಗೆ ಎಷ್ಟು ಶಕ್ತಿ ಸೇರಿತು ಅನ್ನುವುದಷ್ಟೇ ಆ ಲೆಕ್ಕ. ಸಮನೆಲದಲ್ಲಿ ಹೊರೆ ಏರಲಿಲ್ಲ, ಅದಕ್ಕೆ ಏನೂ ಸೇರಲಿಲ್ಲ. ಆದರೆ ಹೊತ್ತವಳಿಗೆ? ಹೊರೆಯನ್ನು ಹಿಡಿದು ನಿಲ್ಲಿಸಲು ಸ್ನಾಯುವಿನ ಎಳೆಗಳು ಕ್ಷಣಕ್ಷಣಕ್ಕೂ ಎಳೆಯುತ್ತ ಬಿಡುತ್ತ ಇರಬೇಕು. ಅದಕ್ಕೆ ಉಂಡ ಮುದ್ದೆಯ ಶಕ್ತಿ ಸುಡುತ್ತದೆ. ಆ ಶಕ್ತಿ ಹೊರೆಗೆ ಹೋಗದೆ ಮೈಯಲ್ಲೇ ಕಾವಾಗುತ್ತದೆ. ಆ ಕಾವಿಗೇ ಬೆವರು. ಇದೂ ಭೌತಶಾಸ್ತ್ರವೇ, ಇದನ್ನು ಹೇಳಲಿಲ್ಲ.

ಇನ್ನು ಅವ್ವ ಇಟ್ಟಿಗೆ ಹೊತ್ತು ಮೂರು ಮೀಟರ್ ಮೇಲಿನ ಅಟ್ಟಣಿಗೆಗೆ ಹತ್ತುತ್ತಾಳೆ ಅನ್ನಿ. ಇಟ್ಟಿಗೆ ಇಪ್ಪತ್ತು ಕಿಲೋ. ಗುರುತ್ವವನ್ನು ಹತ್ತು ಎಂದು ಹಿಡಿದರೆ 600 ಜೌಲ್. ಹುಡುಗಿ ಇಷ್ಟು ಬರೆದು ಪೆನ್ಸಿಲ್ ಕಚ್ಚಿಕೊಂಡು ಕೂತಳು. ಆಮೇಲೆ, "ಅಣ್ಣ, ನಮ್ಮವ್ವಾನೂ ಹತ್ತಿದ್ಲಲ್ಲ?" ಅಂದಳು. ಅವ್ವನ ತೂಕ ಐವತ್ತು ಕಿಲೋ. ಇನ್ನೂ 1500 ಜೌಲ್. ಒಂದು ಸಲ ಹತ್ತಿದರೆ ಒಟ್ಟು 2100. ಗೆಳೆಯರೇ, ಹೊರೆಯ ಲೆಕ್ಕ ಹಾಕಿ ಹೊತ್ತವಳ ಮೈಯ ಲೆಕ್ಕ ಬಿಡುವುದು ಈ ದೇಶಕ್ಕೆ ಎಷ್ಟು ಅಭ್ಯಾಸವಾಗಿದೆ! ಅದನ್ನು ಹಿಡಿದವಳು ಒಂಬತ್ತನೇ ಕ್ಲಾಸಿನ ಹುಡುಗಿ. ಹಿಡಿದದ್ದು ಭಾಷಣದಿಂದಲ್ಲ, ಸೂತ್ರದಿಂದ.

ಆದ್ದರಿಂದ, ವಿಜ್ಞಾನ ಮೇಲಿನವರದು ಅನ್ನುವ ಸಂಗಾತಿಗೆ ನನ್ನ ಉತ್ತರ ಇಷ್ಟೇ: ಹಾಗೆ ಹೇಳಿ ನೀನೇ ಅದನ್ನು ಅವರಿಗೆ ಬರೆದುಕೊಡುತ್ತಿದ್ದೀಯ. ಮೈಕೇಲ್ ಫ್ಯಾರಡೆ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದ ಹುಡುಗ. 1831ರಲ್ಲಿ ಅವನು ಕಂಡದ್ದು ಇವತ್ತಿಗೂ ಸೈಕಲ್ಲಿನ ಡೈನಮೋದಲ್ಲಿ ತಿರುಗುತ್ತಿದೆ. ಮೇಘನಾದ ಸಹಾ 1893ರಲ್ಲಿ ಢಾಕಾ ಹತ್ತಿರದ ಹಳ್ಳಿಯಲ್ಲಿ ಸಣ್ಣ ಅಂಗಡಿಯವನ ಮನೆಯಲ್ಲಿ ಹುಟ್ಟಿದರು. ಕಲ್ಕತ್ತೆಯ ಹಾಸ್ಟೆಲಿನಲ್ಲಿ ಮೇಲ್ಜಾತಿಯ ಹುಡುಗರು ಅವರ ಜೊತೆ ಉಣ್ಣಲು ಒಪ್ಪಲಿಲ್ಲ. ಅದೇ ಸಹಾ 1920ರಲ್ಲಿ ಕೊಟ್ಟ ಸಮೀಕರಣದಿಂದ ಜಗತ್ತು ನಕ್ಷತ್ರಗಳ ಬೆಳಕನ್ನು ಓದಿ ಅವುಗಳ ಕಾವು ತಿಳಿಯಿತು. ಪಂಕ್ತಿಯಿಂದ ಎಬ್ಬಿಸಿದವರ ಹೆಸರು ಎಲ್ಲಿದೆ?

ಎಲ್ಲರೂ ಸಹಾ ಆಗಬೇಕಿಲ್ಲ. ನಮ್ಮ ಹುಡುಗಿಯೂ ಫಸ್ಟ್ ಬರಲಿಲ್ಲ. ಪಾಸಾದಳು. ಅದಕ್ಕಿಂತ ದೊಡ್ಡದು, ಕ್ಲಾಸಿನಲ್ಲಿ ಮತ್ತೆ ಕೈಯೆತ್ತಿದಳು.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಕಷ್ಟ ನಮಗೆ ಗೊತ್ತು. ಒಬ್ಬರೇ ಗಣಿತ, ಒಬ್ಬರೇ ವಿಜ್ಞಾನ, ಮೇಲೆ ಜನಗಣತಿ, ಚುನಾವಣೆ. ಆದರೂ "ಪರೀಕ್ಷೆಗೆ ಬರಲ್ಲ" ಅನ್ನುವ ಮಾತನ್ನು ಬಿಡಿ. ಗೊತ್ತಿಲ್ಲದಿದ್ದರೆ "ನಾಳೆ ನೋಡಿ ಹೇಳ್ತೀನಿ" ಅನ್ನಿ. ಅದರಿಂದ ನಿಮ್ಮ ಮರ್ಯಾದೆ ಹೋಗುವುದಿಲ್ಲ. ಸಂಗಾತಿಗಳೇ, ಕೇರಿಯಲ್ಲಿ ಹಾಡು ಕಲಿಸುವ ರಾತ್ರಿಗಳಲ್ಲಿ ಒಂದು ರಾತ್ರಿಯನ್ನು ಬ್ಯಾಟರಿ ಸೆಲ್ಲಿಗೆ, ಬಲ್ಬಿಗೆ, ಹಾರೆಗೆ ಕೊಡಿ. ತಂಗಿ ತಮ್ಮಂದಿರೇ, ಅರ್ಥವಾಗದಿದ್ದರೆ ನಿಮ್ಮನ್ನು ಬೈದುಕೊಳ್ಳಬೇಡಿ, ಎಲ್ಲಿ ತಡೆಯಿತು ಅಂತ ಹುಡುಕಿ. ಮಾತಿನಲ್ಲೋ, ಲೆಕ್ಕದಲ್ಲೋ, ಬೀಗದಲ್ಲೋ.

ಬೀಗದಲ್ಲಾದರೆ, ನಾಳೆ ಪ್ರಾರ್ಥನೆ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೋಗಿ ಕೇಳಿ: ಸಾರ್, ಬೀರುವಿನ ಕೀ ಎಲ್ಲಿದೆ?