ಹಿರೇಹಡಗಲಿಯ ತಾಮ್ರಪಟಗಳು

ಹೂವಿನಹಡಗಲಿಗೆ ಬಂದ ನೆಂಟರಿಷ್ಟರು ಮಲ್ಲಿಗೆಯನ್ನು ಕೊಳ್ಳುವರು. ಮೈಲಾರದ ಜಾತ್ರೆಯ ಕಾಲವಾದರೆ ಕಾರಣಿಕವನ್ನು ಕೇಳಿ ಮರಳುವರು. ಇದೇ ತಾಲ್ಲೂಕಿನ ಹಿರೇಹಡಗಲಿಯ ಕಡೆಗೆ ತಿರುಗುವವರು ವಿರಳ. ವಾಚಕರು ಒಂದು ದಿನದ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿಬರಬೇಕೆಂದು ನನ್ನ ಬಿನ್ನಹ.

ಅಲ್ಲಿಯ ಕಲ್ಲೇಶ್ವರನ ಗುಡಿಯು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ (1042-1068) ಮಂತ್ರಿಯಾದ ದೇಮರಸನು ಕಟ್ಟಿಸಿದ್ದು. ಒಂದೇ ಮಂಟಪಕ್ಕೆ ಎರಡು ಗರ್ಭಗೃಹಗಳು. ಬಳಪದ ಕಲ್ಲಿನಲ್ಲಿ ಶಿಲ್ಪಿಯ ಉಳಿಯು ಮೇಣದಲ್ಲಿ ಆಡಿದಂತೆ ಆಡಿದೆ. ಅಲೆಗ್ಜಾಂಡರ್ ರೀ ಎಂಬ ವಿದ್ವಾಂಸನು ಬಳ್ಳಾರಿ ಸೀಮೆಯ ಚಾಲುಕ್ಯ ಗುಡಿಗಳನ್ನು ಕುರಿತು 1896ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೂ ಸ್ಥಾನವುಂಟು.

ಆದರೆ ಆ ಊರಿನ ಹಿರಿಮೆಯು ಗುಡಿಗಿಂತ ಸುಮಾರು ಏಳುನೂರು ವರ್ಷ ಹಳೆಯದು. ಕಂಚಿಯ ಪಲ್ಲವ ದೊರೆ ಶಿವಸ್ಕಂದವರ್ಮನು ನಾಲ್ಕನೆಯ ಶತಮಾನದಲ್ಲಿ ಬರೆಯಿಸಿದ ಎಂಟು ತಾಮ್ರಪಟಗಳು ದೊರೆತುದು ಇಲ್ಲಿಯೇ. ಬ್ಯೂಲರ್ ಪಂಡಿತನು ಅವನ್ನು ಓದಿ 'ಎಪಿಗ್ರಾಫಿಯಾ ಇಂಡಿಕಾ'ದ ಮೊದಲನೆಯ ಸಂಪುಟದಲ್ಲಿ ಪ್ರಕಟಿಸಿದನು. ತಂದೆಯು ಕೊಟ್ಟಿದ್ದ ದತ್ತಿಯನ್ನು ಮಗನು ಸ್ಥಿರಪಡಿಸಿದ ಶಾಸನವದು. ದತ್ತಿಯಾದುದು ಸಾತಾಹನಿರಟ್ಠವೆಂಬ ನಾಡಿನ ಚಿಲ್ಲರೇಕಕೋಡುಂಕ ಗ್ರಾಮದ ತೋಟ. ಅದರ ಭಾಷೆ ಪ್ರಾಕೃತ. ನಾಟಕಗಳಲ್ಲಿ ಹೆಂಗಸರೂ ಸೇವಕರೂ ಆಡುವ ಮಾತೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ, ಅದು ಅರಸನ ಆಜ್ಞೆಯ ಭಾಷೆಯೂ ಆಗಿದ್ದಿತೆಂಬುದನ್ನು ಓದಿದಾಗ ಕೊಂಚ ನಾಚಿಕೆಯಾಯಿತು.

ರಾಜಕುಮಾರ, ಸೇನಾಪತಿಗಳಿಂದ ಮೊದಲುಗೊಂಡು ದನಕಾಯುವವರವರೆಗೆ ಎಲ್ಲರಿಗೂ ಅರಸನು ಆಜ್ಞಾಪಿಸುತ್ತಾನೆ. ಆ ಭೂಮಿಯವರಿಂದ ಸರದಿಯ ಮೇಲೆ ಎತ್ತುಗಳನ್ನು ಹಿಡಿಯಕೂಡದು. ಹಾಲು ಮೊಸರು ಕೇಳಕೂಡದು. ಹುಲ್ಲು ಕಟ್ಟಿಗೆ ಒಯ್ಯಕೂಡದು. ಹಸಿಯ ಕಾಯಿಪಲ್ಯವನ್ನೂ ಹೂವನ್ನೂ ಕೊಳ್ಳೆ ಹೊಡೆಯಕೂಡದು. ಬೇಡವೆಂದು ಇಷ್ಟು ವಿವರವಾಗಿ ಬರೆಯಿಸಬೇಕಾದರೆ, ಈ ಅಭಯ ದೊರೆಯದ ಉಳಿದ ಊರುಗಳ ಹಿತ್ತಿಲುಗಳಿಂದ ಇವೆಲ್ಲವೂ ಹೋಗುತ್ತಲೇ ಇದ್ದುವೆಂದು ತಿಳಿಯಬೇಕಷ್ಟೆ! ರೈತನ ಹೆಂಡತಿಯು ಅಡಗಿಸಿಟ್ಟ ಮೊಸರಿನ ಗಡಿಗೆಯು ಗುಡಿಯ ಯಾವ ಶಿಲ್ಪದಲ್ಲಿಯೂ ನನಗೆ ಕಾಣಲಿಲ್ಲ. ಈ ತಾಮ್ರದಲ್ಲಿ ಕಂಡಿತು. ಹಂಪೆಗೆ ಹಡಗಿನಲ್ಲಿ ಹೂವು ಹೋಗುತ್ತಿದ್ದುದರಿಂದ ನಮ್ಮ ಹಡಗಲಿಗೆ ಹೂವಿನ ಹೆಸರು ಬಂದಿತೆಂದು ಜನರು ಹೇಳುವರು. ಹಂಪೆಯ ಅರಸರಿಗಿಂತ ಸಾವಿರ ವರ್ಷ ಮೊದಲೇ ಹೂವನ್ನು ಕಸಿಯಬೇಡಿರೆಂಬ ಮಾತು ಈ ಪಟಗಳಲ್ಲಿ ಕುಳಿತಿತ್ತು.

ಕರಗಿಸಿದ್ದರೆ ಒಂದು ಕೊಡಪಾನವಾಗಿಬಿಡುತ್ತಿದ್ದ ತಾಮ್ರವದು. ಹೇಗೋ ಉಳಿಯಿತು. ಪ್ರಾಕೃತದ ಬರಹವೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಸಂಸ್ಕೃತದಲ್ಲಿ ಒಂದು ಹರಕೆ ಇದೆ: ಗೋಬ್ರಾಹ್ಮಣರೊಡನೆ ಬರೆದವನಿಗೂ, ಓದಿದವನಿಗೂ, ಕೇಳಿದವರಿಗೂ ಒಳ್ಳೆಯದಾಗಲೆಂದು.