ಪರವಾನಗಿ ಪಡೆದವರಿಗೂ ದಾವೆಯ ಹಕ್ಕು ಬೇಕು



ಪ್ರಯೋಗಾಲಯಗಳ ತಂತ್ರಜ್ಞಾನ ಸಣ್ಣ ಉದ್ಯಮಿಗಳ ಕೈಸೇರಬೇಕೆಂದು ಆಳುವವರು ಹೇಳುತ್ತಲೇ ಇದ್ದಾರೆ. ಅದನ್ನು ನಂಬಿ ಶುಲ್ಕ ಕಟ್ಟಿ, ಸಾಲ ಮಾಡಿ ಘಟಕ ಹಾಕಿದವರು ನಮ್ಮ ಮೈಸೂರು ಭಾಗದಲ್ಲೂ ಇದ್ದಾರೆ. ಪರವಾನಗಿಯೇ ಇಲ್ಲದ ಇನ್ನೊಬ್ಬರು ಅದೇ ಪೇಟೆಂಟ್ ವಿಧಾನದಲ್ಲಿ ಸರಕು ತಯಾರಿಸಿ ಅಗ್ಗಕ್ಕೆ ಮಾರತೊಡಗಿದರೆ ಇವರು ತಾವಾಗಿ ಕೋರ್ಟಿಗೆ ಹೋಗುವಂತಿಲ್ಲ.

1970ರ ಪೇಟೆಂಟ್ ಕಾಯ್ದೆಯ 109ನೇ ಸೆಕ್ಷನ್ ಉಲ್ಲಂಘನೆಯ ದಾವೆ ಹೂಡುವ ಹಕ್ಕನ್ನು ಪೇಟೆಂಟ್‌ದಾರರಂತೆಯೇ ಏಕಮಾತ್ರ ಪರವಾನಗಿದಾರರಿಗೂ ಕೊಡುತ್ತದೆ. ಆದರೆ ಏಕಮಾತ್ರ ಎನಿಸಿಕೊಳ್ಳಲು ಆ ಹಕ್ಕು ಪೇಟೆಂಟ್‌ದಾರರನ್ನೂ ಹೊರಗಿಡುವಂತಿರಬೇಕು. ಅಷ್ಟು ದೊಡ್ಡ ಹಕ್ಕನ್ನು ಕೊಳ್ಳುವ ಶಕ್ತಿ ಎಷ್ಟು ಸಣ್ಣ ಘಟಕಗಳಿಗಿದೆ?

ನನ್ನ ತಕರಾರು ಹುಟ್ಟುವುದು 110ನೇ ಸೆಕ್ಷನ್ ಓದಿದಾಗ. ಪೇಟೆಂಟ್‌ದಾರರು ಒಪ್ಪದಿದ್ದರೂ ಕಾನೂನಿನ ಮೂಲಕ ಸಿಗುವ ಕಡ್ಡಾಯ ಪರವಾನಗಿ ಪಡೆದವರು ಉಲ್ಲಂಘನೆ ತಡೆಯುವಂತೆ ಪೇಟೆಂಟ್‌ದಾರರನ್ನು ಕೇಳಬಹುದು. ಎರಡು ತಿಂಗಳಲ್ಲಿ ಅವರು ಕ್ರಮ ಕೈಗೊಳ್ಳದಿದ್ದರೆ, ಅವರನ್ನೇ ಪ್ರತಿವಾದಿಯನ್ನಾಗಿಸಿ ತಮ್ಮ ಹೆಸರಿನಲ್ಲಿ ದಾವೆ ಹೂಡಬಹುದು. ಬೇಯರ್ ಕಂಪನಿಯ ಕ್ಯಾನ್ಸರ್ ಔಷಧ ತಯಾರಿಸಲು 2012ರಲ್ಲಿ ನ್ಯಾಟ್ಕೊ ಕಂಪನಿಗೆ ಸಿಕ್ಕಿದ್ದು ಇಂಥದೇ ಪರವಾನಗಿ. ನ್ಯಾಟ್ಕೊಗೂ ಏಕಮಾತ್ರ ಹಕ್ಕು ಇರಲಿಲ್ಲ. ಹೀಗೆ ಪೇಟೆಂಟ್‌ದಾರರ ಇಷ್ಟಕ್ಕೆ ವಿರುದ್ಧವಾಗಿ ಪರವಾನಗಿ ಪಡೆದವರಿಗೆ ಕೋರ್ಟಿನ ಬಾಗಿಲು ತೆರೆದಿರುವಾಗ, ಪೇಟೆಂಟ್‌ದಾರರೊಡನೆ ಒಪ್ಪಂದ ಮಾಡಿಕೊಂಡು ರಾಯಲ್ಟಿ ಕಟ್ಟುವವರಿಗೆ ಅದು ಮುಚ್ಚಿರುವುದು ಯಾವ ನ್ಯಾಯ?

1999ರ ಟ್ರೇಡ್‌ಮಾರ್ಕ್ ಕಾಯ್ದೆ ಇಷ್ಟು ಬಿಗಿಯಾಗಿಲ್ಲ. ನೋಂದಾಯಿತ ಬಳಕೆದಾರರು ಮಾಲೀಕರನ್ನು ಪ್ರತಿವಾದಿಯನ್ನಾಗಿಸಿ ದಾವೆ ಹೂಡಲು ಅಲ್ಲಿ ಅವಕಾಶವಿದೆ, ಒಪ್ಪಂದದಲ್ಲಿ ಅದಕ್ಕೆ ಅಡ್ಡಿಯಿರಬಾರದು ಅಷ್ಟೆ.

ದಾವೆ ಹೂಡಿದರೆ ಎದುರಾಳಿ ಪೇಟೆಂಟನ್ನೇ ರದ್ದುಮಾಡಿ ಎಂದು ಪ್ರತಿದಾವೆ ತರಬಹುದು, ಯಾರೋ ಒಬ್ಬ ಪರವಾನಗಿದಾರರ ಅವಸರಕ್ಕೆ ಮಾಲೀಕರು ಪೇಟೆಂಟ್ ಕಳೆದುಕೊಳ್ಳಬೇಕೇ ಎಂಬ ವಾದವಿದೆ. ಈ ಆತಂಕ ಸುಳ್ಳಲ್ಲ. ಆದರೆ 110ನೇ ಸೆಕ್ಷನ್ನಿನ ಕ್ರಮದಲ್ಲಿ ಮಾಲೀಕರಿಗೆ ಮೊದಲು ನೋಟಿಸ್ ತಲುಪುತ್ತದೆ, ಎರಡು ತಿಂಗಳ ಕಾಲಾವಕಾಶವಿರುತ್ತದೆ, ಪ್ರಕರಣದಲ್ಲಿ ಕಕ್ಷಿಯಾಗಿ ನಿಂತು ಪೇಟೆಂಟ್ ಉಳಿಸಿಕೊಳ್ಳಲು ಅವಕಾಶವೂ ಇರುತ್ತದೆ. ಕಡ್ಡಾಯ ಪರವಾನಗಿಯಲ್ಲಿ ಕಾನೂನು ಒಪ್ಪಿಕೊಂಡ ಅಪಾಯವೂ ಇದೇ.

ಪರವಾನಗಿ ಲಿಖಿತವಾಗಿರಬೇಕೆಂದು ಕಾಯ್ದೆ ಈಗಲೇ ಹೇಳುತ್ತದೆ. ಅದನ್ನು ಪೇಟೆಂಟ್ ಕಚೇರಿಯಲ್ಲಿ ನೋಂದಾಯಿಸುವ ವ್ಯವಸ್ಥೆಯೂ ಇದೆ. ಹಾಗೆ ನೋಂದಾಯಿಸಿದ ಎಲ್ಲ ಪರವಾನಗಿದಾರರಿಗೂ 110ನೇ ಸೆಕ್ಷನ್ನಿನ ಹಕ್ಕನ್ನು ವಿಸ್ತರಿಸುವ ತಿದ್ದುಪಡಿಯನ್ನು ಕೇಂದ್ರ ಸರ್ಕಾರ ತರಬೇಕು. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಎತ್ತಲಿ.

— ಒಬ್ಬ ಸಣ್ಣ ಉದ್ಯಮಿ, ಮೈಸೂರು