ಹಗುರಾದ ಹಬ್ಬ, ಉಳಿದ ರುಚಿ

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಮಂಗಳೂರಿನ ಕ್ರೈಸ್ತರ ಮನೆಗಳ ಅಡುಗೆಕೋಣೆಯಿಂದ ತೆಂಗಿನಹಾಲು, ಏಲಕ್ಕಿ, ಕಾದ ಎಣ್ಣೆ ಮೂರೂ ಬೆರೆತ ಪರಿಮಳ ಹೊರಬೀಳುತ್ತದೆ. ಅದು ‘ಕುಸ್ವಾರ್’ ತಯಾರಿಯ ಪರಿಮಳ. ಕ್ರಿಸ್‌ಮಸ್‌ಗೆಂದೇ ಮಾಡುವ ತಿಂಡಿಗಳ ಇಡೀ ಬಳಗಕ್ಕೆ ಕೊಂಕಣಿ ಮಾತಿನ ಕೆಥೋಲಿಕರು ಇಟ್ಟಿರುವ ಹೆಸರು ಅದು. ಎಳ್ಳು, ಕೊಬ್ಬರಿ, ದ್ರಾಕ್ಷಿಯ ಹೂರಣವಿಟ್ಟ ನೆವ್ರಿ, ಅಕ್ಕಿಹಿಟ್ಟು ಬೆಲ್ಲದ ಗುಂಡನೆಯ ಗುಳಿಯೊ, ಬಾಣಲೆಯಲ್ಲಿ ಅರಳುವ ಗುಲಾಬಿ ಅಚ್ಚಿನ ತಿಂಡಿ, ಅಕ್ಕಿಲಾಡು, ಚಕ್ಕುಲಿ, ಕಪ್ಪು ಕೇಕು, ಮತ್ತೆ ‘ಕಿಡಿಯೊ’. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು. ಹಿಟ್ಟಿನ ಪುಟ್ಟ ಉಂಡೆಯನ್ನು ಬಾಚಣಿಗೆಯ ಅಥವಾ ಫೋರ್ಕಿನ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿ ಕರಿದರೆ ಅದು ಹುಳುವಿನಂತೆಯೇ ಕಾಣುತ್ತದೆ. ಹೆಸರು ಕೇಳಿ ಮೂಗು ಮುರಿಯುವ ಮಕ್ಕಳು ತಟ್ಟೆ ಖಾಲಿಯಾಗುವವರೆಗೂ ಏಳುವುದಿಲ್ಲ!

ನಗರದ ಹೊರವಲಯದ ಅಂಥದೊಂದು ಮನೆಯಲ್ಲಿ ಐದು ಮಂದಿ. ಎಪ್ಪತ್ತೇಳರ ಅಜ್ಜಿ, ಬ್ಯಾಂಕಿನಲ್ಲಿರುವ ಮಗ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಸೊಸೆ, ಪಿಯುಸಿ ಓದುವ ಮೊಮ್ಮಗಳು, ಎಂಟನೆಯ ತರಗತಿಯ ಮೊಮ್ಮಗ. ಆ ಮನೆಯಲ್ಲಿ ಹನ್ನೊಂದು ಬಗೆಯ ಕುಸ್ವಾರ್ ಆಗಲೇಬೇಕು ಎಂಬುದು ಎಂದಿನಿಂದಲೋ ಬಂದ ಲೆಕ್ಕ. ಹಿಂದೆ ಮನೆ ತುಂಬ ಜನ ಇದ್ದರು. ಒಬ್ಬರು ಕಾಯಿ ತುರಿದರೆ ಇನ್ನೊಬ್ಬರು ಹಿಟ್ಟು ನಾದುತ್ತಿದ್ದರು. ಜನ ಕಡಿಮೆಯಾದರು, ಹನ್ನೊಂದು ಮಾತ್ರ ಹನ್ನೊಂದಾಗಿಯೇ ಉಳಿಯಿತು. ಸೊಸೆ ಡ್ಯೂಟಿ ಮುಗಿಸಿ ಬಂದು ರಾತ್ರಿ ಹನ್ನೆರಡರವರೆಗೆ ಬಾಣಲೆಯ ಮುಂದೆ ನಿಲ್ಲುತ್ತಿದ್ದರು. ಹಬ್ಬದ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ಅವರು ಗೋಡೆಗೊರಗಿ ನಿದ್ದೆ ಹೋಗಿರುತ್ತಿದ್ದರು.

2022ರ ಡಿಸೆಂಬರ್ ಮೊದಲ ಭಾನುವಾರ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು. “ಹಬ್ಬದ ದಿನ ಅಮ್ಮ ಎಚ್ಚರವಾಗಿರಬೇಕಾದರೆ ನಾವು ಏನೇನು ಬಿಡಬೇಕು?”

ಯಾರೂ ಕೂಡಲೇ ಉತ್ತರ ಹೇಳಲಿಲ್ಲ. ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ, ತಂದರಾಯಿತು ಎಂದರು ಅಪ್ಪ. ಮಂಗಳೂರಿನ ಬೇಕರಿಗಳಲ್ಲಿ ಈಗ ಕುಸ್ವಾರಿನ ಸಿದ್ಧ ಪೊಟ್ಟಣಗಳೇ ಸಿಗುತ್ತವೆ, ಸುಳ್ಳಲ್ಲ. ಅಜ್ಜಿಯ ಮುಖ ಬಾಡಿತು. “ಇವತ್ತು ಒಂದು ಬಿಡುತ್ತೀರಿ, ನಾಳೆ ಇನ್ನೊಂದು. ಸುಲಭ ಮಾಡುತ್ತಾ ಹೋದರೆ ಕೊನೆಗೆ ಉಳಿಯುವುದೇನು?” ಎಂದರು.

ಅಜ್ಜಿಯ ಪ್ರಶ್ನೆಯನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಪ್ರತಿ ಮನೆಯಲ್ಲೂ, ಪ್ರತಿ ಹಬ್ಬದಲ್ಲೂ ಇಂದು ಎದ್ದಿರುವ ಪ್ರಶ್ನೆ ಇದೇ. ಉತ್ತರ ಹುಡುಕಲು ಹೊರಟ ಮೊಮ್ಮಗಳು ವಿಜ್ಞಾನದ ವಿದ್ಯಾರ್ಥಿನಿ. ಮೊದಲು ಮಾಹಿತಿ ಸಂಗ್ರಹಿಸಿದಳು. ಹನ್ನೊಂದು ತಿಂಡಿಗಳನ್ನೂ ಹಬ್ಬದ ಉಳಿದ ಪದ್ಧತಿಗಳನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ “ಇದು ನಮ್ಮ ಮನೆಗೆ ಬಂದದ್ದು ಯಾವಾಗ?” ಎಂದು ಅಜ್ಜಿಯನ್ನು ಕೇಳುತ್ತಾ ಹೋದಳು.

ಹಾಳೆ ತುಂಬುತ್ತಿದ್ದಂತೆ ಅಜ್ಜಿಗೇ ಆಶ್ಚರ್ಯವಾಯಿತು. ಅವರ ಬಾಲ್ಯದ ಹಳ್ಳಿಮನೆಯಲ್ಲಿ ಕೇಕು ಇರಲೇ ಇಲ್ಲ. ಅದು 1968ರಲ್ಲಿ ಮದುವೆಯಾಗಿ ಪೇಟೆಗೆ ಬಂದಮೇಲೆ ಕಲಿತದ್ದು. ಆಗಲೂ ಓವನ್ ಇಲ್ಲ. ಪಾತ್ರೆಯ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಕ್ರಿಸ್‌ಮಸ್ ಮರ ಬಂದದ್ದು ಮಗ ಶಾಲೆಗೆ ಸೇರಿದ ಮೇಲೆ. ಅಂಗಳದ ಬಿದಿರು ನಕ್ಷತ್ರದೊಳಗೆ ಹಣತೆಯ ಬದಲು ವಿದ್ಯುತ್ ದೀಪ ಇಟ್ಟ ವರ್ಷ ಅಜ್ಜಿಯ ಅತ್ತೆ ಎರಡು ದಿನ ಮಾತು ಬಿಟ್ಟಿದ್ದರಂತೆ. ಹಬ್ಬದೂಟದ ‘ಸಾನ್ನಾಂ’ ಹಿಟ್ಟು ಹುದುಗಲು ಮೊದಲು ಶೇಂದಿ ಹಾಕುತ್ತಿದ್ದರು. ಈಗ ಅಂಗಡಿಯ ಒಣ ಈಸ್ಟ್. ಇದನ್ನು ಬದಲಾವಣೆ ಎನ್ನಬೇಕೆ, ಬೇಡವೆ? ಶೇಂದಿಯಲ್ಲಿದ್ದು ಹಿಟ್ಟನ್ನು ಉಬ್ಬಿಸುತ್ತಿದ್ದುದೂ ಯೀಸ್ಟ್ ಎಂಬ ಸೂಕ್ಷ್ಮಜೀವಿಯೇ. ಅದು ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಆ ಅನಿಲ ಹಿಟ್ಟಿನಲ್ಲಿ ಗುಳ್ಳೆಯಾಗುತ್ತದೆ. ಕೆಲಸಗಾರ ಅವನೇ, ಬಂದ ದಾರಿ ಮಾತ್ರ ಬೇರೆ. ಆದರೂ ಶೇಂದಿಯ ಆ ಹುಳಿಗಂಪು ಪೊಟ್ಟಣದಲ್ಲಿ ಬರುವುದಿಲ್ಲ ಎಂದು ಅಜ್ಜಿ ಹೇಳುವುದೂ ನಿಜ.

ಲೋಕದ ಇತಿಹಾಸವೂ ಈ ಹಾಳೆಯ ಹಾಗೆಯೇ ಇದೆ. ಚರ್ಚುಗಳಲ್ಲಿ, ಮನೆಗಳಲ್ಲಿ ನಾವು ಕಾಣುವ ಗೋದಲಿಯ ಪದ್ಧತಿಗೆ ನಾಂದಿಯಾದದ್ದು 1223ರಲ್ಲಿ, ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ; ಸಂತ ಫ್ರಾನ್ಸಿಸರು ನಿಜವಾದ ಎತ್ತು, ಕತ್ತೆಗಳನ್ನೇ ನಿಲ್ಲಿಸಿ ಆ ದೃಶ್ಯವನ್ನು ಕಟ್ಟಿದರು. ಮರವನ್ನು ಸಿಂಗರಿಸುವ ಜರ್ಮನ್ ಪದ್ಧತಿ ಇಂಗ್ಲೆಂಡಿನ ಸಾಮಾನ್ಯ ಮನೆಗಳಿಗೆ ಹರಡಿದ್ದು, 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ ಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲೆ. ಆ ಮರಕ್ಕೆ ಮೇಣದಬತ್ತಿ ಬಿಟ್ಟು ವಿದ್ಯುತ್ ದೀಪ ಹಾಕಿದವನು ಎಡಿಸನ್‌ನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್. 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಅವನು 80 ಪುಟ್ಟ ಬಲ್ಬುಗಳನ್ನು ಬೆಳಗಿಸಿದ. ಕುಸ್ವಾರಿಗೆ ಬೇಕೇ ಬೇಕೆನ್ನುವ ಗೋಡಂಬಿಯಾದರೂ ಬ್ರೆಜಿಲ್ ಮೂಲದ್ದು. ಪೋರ್ಚುಗೀಸರು ತರುವ ಮೊದಲು ನಮ್ಮ ಕರಾವಳಿಯಲ್ಲಿ ಗೇರುಮರವೇ ಇರಲಿಲ್ಲ. ಇಂದಿನ ಸಂಪ್ರದಾಯವೆಲ್ಲ ಒಂದಲ್ಲ ಒಂದು ದಿನ ಹೊಸತೇ ಆಗಿತ್ತು, ಯಾರೋ ಹಿರಿಯರ ಹುಬ್ಬು ಗಂಟಿಕ್ಕಿಸಿತ್ತು!

ಹಾಗಾದರೆ ಎಲ್ಲವನ್ನೂ ಬಿಡಬಹುದೆ? ಮನೆಯವರು ಹಾಳೆಯನ್ನು ಮತ್ತೆ ಓದಿದರು. ಈ ಬಾರಿ ಪ್ರಶ್ನೆ ಬೇರೆ: “ಇದು ಇಲ್ಲದಿದ್ದರೆ ಯಾರು ಕೇಳುತ್ತಾರೆ?” ಮ್ಯಾಕರೂನ್ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಕೇಕು ಬೇಕರಿಯದಾದರೂ ನಡೆದೀತು. ಆದರೆ ನೆರೆಮನೆಗಳಿಗೆ ಕಸೂತಿ ಬಟ್ಟೆ ಮುಚ್ಚಿ ಕಳಿಸುವ ತಟ್ಟೆ ನಿಂತರೆ ಕೇಳುವವರಿದ್ದಾರೆ. ದೀಪಾವಳಿಗೆ ಹೋಳಿಗೆ ಕೊಟ್ಟ ಎದುರುಮನೆಯವರು, ಈದ್‌ಗೆ ಬಿರಿಯಾನಿ ಕಳಿಸಿದ ಹಿಂದಿನ ಮನೆಯವರು. ಕಿಡಿಯೊ ಇಲ್ಲದಿದ್ದರೆ ಮೊಮ್ಮಗ ಕೇಳುತ್ತಾನೆ. ಏಕೆಂದರೆ ಐದೂ ಜನ ಮೇಜಿನ ಸುತ್ತ ಕುಳಿತು ಮಾಡುವ ಕೆಲಸ ಅದೊಂದೇ. ಒಬ್ಬರೇ ಮಾಡಿದರೆ ದಿನವಿಡೀ ಬೇಕಾಗುವ ಸುರುಳಿಗಳು ಹತ್ತು ಕೈಗಳಿಗೆ ಒಂದು ಸಂಜೆಯ ಮಾತಿನ ನಡುವೆ ಮುಗಿಯುತ್ತವೆ. ಹನ್ನೊಂದು ಮೂರಕ್ಕೆ ಇಳಿಯಿತು: ಕಿಡಿಯೊ, ನೆವ್ರಿ, ಗುಳಿಯೊ. ಉಳಿದದ್ದು ಅಂಗಡಿಯಿಂದ. ಕರಿಯುವ ಸರದಿ ಅಪ್ಪನಿಗೂ ಬಂತು.

ಆ ಸಂಜೆ ಮೊಮ್ಮಗಳು ತಕ್ಕಡಿ ಇಟ್ಟುಕೊಂಡು ಕುಳಿತಳು. ಅಜ್ಜಿಯ ಅಳತೆ ಪಾವು, ಹಿಡಿ, ಚಿಟಿಕೆ. ಅಜ್ಜಿ ಹಾಕುವ ಮುನ್ನ ಅವಳು ಪ್ರತಿಯೊಂದನ್ನೂ ತೂಗಿ ಬರೆದುಕೊಂಡಳು. ಕಿಡಿಯೊಗೆ ಗೆರೆಗಳೇಕೆ ಎಂಬುದಕ್ಕೂ ಅವಳಿಗೆ ಉತ್ತರ ಹೊಳೆಯಿತು. ಗೆರೆಗಳಿಂದ ಮೇಲ್ಮೈ ಹೆಚ್ಚುತ್ತದೆ, ಸಕ್ಕರೆಪಾಕ ಹೆಚ್ಚು ಜಾಗದಲ್ಲಿ ಅಂಟಿಕೊಳ್ಳುತ್ತದೆ. ಪಾಕ ಆರಿದಾಗ ಸಕ್ಕರೆ ಮತ್ತೆ ಹರಳಾಗಿ ಬೆಳ್ಳಗೆ ಕಾಣುತ್ತದೆ. ಎಣ್ಣೆಯಲ್ಲಿ ಏಳುವ ಗುಳ್ಳೆಗಳು ಹಿಟ್ಟಿನ ನೀರು ಆವಿಯಾಗಿ ಹೋಗುವ ಗುರುತು. “ಗುಳ್ಳೆ ಅಡಗಿದಾಗ ತೆಗೆ” ಎನ್ನುವ ಅಜ್ಜಿಯ ಮಾತಿನ ಅರ್ಥ, ನೀರು ಬಹುಪಾಲು ಹೋಯಿತು ಎಂದು. ನೀರಿನಂಶವಿಲ್ಲದ ಕಡೆ ಬೂಸು, ಬ್ಯಾಕ್ಟೀರಿಯಾ ಬೆಳೆಯಲಾರವು. ಗಾಳಿಯಾಡದ ಡಬ್ಬಿಯಲ್ಲಿ ಕಿಡಿಯೊ ವಾರಗಟ್ಟಲೆ ಕೆಡದಿರುವ ಗುಟ್ಟು ಇದೇ.

2023ರಲ್ಲಿ ಅಜ್ಜಿಗೆ ಹೆಗಲುನೋವು. ಅವರು ಕುರ್ಚಿಯಲ್ಲಿ ಕುಳಿತರು, ಮಕ್ಕಳು ಪುಸ್ತಕ ನೋಡಿ ಹಿಟ್ಟು ಕಲಸಿದರು. ಗ್ರಾಂ ಲೆಕ್ಕ ಸರಿಯಾಗಿತ್ತು, ಕಿಡಿಯೊ ಮಾತ್ರ ಕಲ್ಲಾಗಿತ್ತು. ಅಜ್ಜಿ ಉಳಿದ ಹಿಟ್ಟನ್ನು ಚಿವುಟಿ, “ಇದಕ್ಕೆ ಇನ್ನೂ ಬಾಯಾರಿಕೆ” ಎಂದು ನಕ್ಕರು. ಎರಡು ಚಮಚ ತೆಂಗಿನಹಾಲು ಬಿದ್ದ ಮೇಲೆ ಅದು ಹದಕ್ಕೆ ಬಂತು. ಒಂದು ತೆಂಗಿನಕಾಯಿಯ ಹಾಲು ಇನ್ನೊಂದರಷ್ಟೇ ದಪ್ಪವಿರುವುದಿಲ್ಲ, ಒಂದು ಚೀಲದ ಹಿಟ್ಟು ಇನ್ನೊಂದರಷ್ಟೇ ನೀರು ಹೀರುವುದಿಲ್ಲ. ತಕ್ಕಡಿಗೆ ತಿಳಿಯದ ಆ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ. ಮೊಮ್ಮಗಳು ಗ್ರಾಂಗಳನ್ನು ಹೊಡೆದುಹಾಕಲಿಲ್ಲ, ಪಕ್ಕದಲ್ಲಿ ಒಂದು ಸಾಲು ಸೇರಿಸಿದಳು: “ಕಿವಿಯ ಹಾಲೆಯಷ್ಟು ಮೃದುವಾಗುವವರೆಗೆ ಹಾಲು ಹಾಕು. ಮೊದಲ ಹಿಟ್ಟನ್ನು ಅಜ್ಜಿಗೆ ತೋರಿಸು.”

ಈಗ ಆ ಮನೆಯ ಕ್ರಿಸ್‌ಮಸ್‌ನಲ್ಲಿ ಓಡಾಟ ಕಡಿಮೆ. ಹಿಂದಿನ ಸಂಜೆಯ ಪೂಜೆ ಮುಗಿಸಿ ಬಂದವರು ಬೆಳಿಗ್ಗೆ ತಡವಾಗಿ ಏಳುತ್ತಾರೆ. ಸಾನ್ನಾಂ ಮತ್ತು ಸಾರು, ಮಧ್ಯಾಹ್ನಕ್ಕೆ ಹೆಸರುಬೇಳೆ ಪಾಯಸ. ಮಕ್ಕಳು ತಟ್ಟೆ ಹಿಡಿದು ನೆರೆಮನೆಗಳಿಗೆ ಹೋಗಿ ಬರುತ್ತಾರೆ. ಊಟಕ್ಕೆ ಕುಳಿತಾಗ ಅಮ್ಮ ಎಚ್ಚರವಾಗಿರುತ್ತಾರೆ, ಎಲ್ಲರಿಗಿಂತ ಜೋರಾಗಿ ನಗುವವರೂ ಅವರೇ. “ಕೊನೆಗೆ ಉಳಿಯುವುದೇನು?” ಎಂದು ಅಜ್ಜಿ ಮತ್ತೆ ಕೇಳಿಲ್ಲ. ಹನ್ನೊಂದು ಡಬ್ಬಿಗಳಲ್ಲಿ ಎಂಟು ಅಟ್ಟದ ಮೇಲಿವೆ. ಅವನ್ನು ನೋಡಿದಾಗ ಅವರಿಗೆ ಕೊಂಚ ಬೇಸರವಾಗುವುದುಂಟು. ಆ ಬೇಸರವನ್ನು ಯಾವ ತರ್ಕವೂ ಪೂರ್ತಿ ತೆಗೆಯಲಾರದು.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹಬ್ಬ ಯಾವುದೇ ಇರಲಿ, ಈ ರಜೆಯಲ್ಲಿ ಅಂಥದೊಂದು ಹಾಳೆ ತಯಾರಿಸಿ. ಯಾವ ಪದ್ಧತಿ ಎಂದು ಬಂತು, ಯಾರು ತಂದರು, ಅದರ ಹೊರೆ ಯಾರ ಹೆಗಲ ಮೇಲಿದೆ, ಕೇಳಿ ಬರೆಯಿರಿ. ತಂದೆತಾಯಿಯರೂ ಒಂದು ಸಂಜೆ ಅವರೊಡನೆ ಕುಳಿತುಕೊಳ್ಳಲಿ. ಮನೆಯ ಹಿರಿಯರ ಕೈಯಳತೆಯನ್ನು ಗ್ರಾಮಿನಲ್ಲೂ ಬರೆದಿಡಿ, ಅವರ ಪಕ್ಕದಲ್ಲಿ ಕುಳಿತು ಬೆರಳಿನಲ್ಲೂ ಕಲಿಯಿರಿ. ಮೊದಲನೆಯದನ್ನು ಯಾವಾಗ ಬೇಕಾದರೂ ಮಾಡಬಹುದು. ಎರಡನೆಯದಕ್ಕೆ ಮಾತ್ರ ಅವರು ಇರುವಾಗಲೇ ಕಾಲ ಕೂಡಿಸಿಕೊಳ್ಳಬೇಕು.